ಏಳನೇ ದಿನದ ಕಡ್ಲೆಪುರಿ

ರಾತ್ರಿ ಎರಡು ಗಂಟೆಗೆ ಬಾಯಲ್ಲಿ ಬೋರ್‌ವೆಲ್ ನೀರಿನ ರುಚಿ ಬಂತು. ಊರ ಮುಂದಿನ ಹಳೇ ಕೈಪಂಪಿನಲ್ಲಿ ಬೆಳಗ್ಗೆ ಮೊದಲು ಕೆಂಪು ನೀರು ಬರುತ್ತದಲ್ಲ, ಅದೇ ಕಬ್ಬಿಣದ ರುಚಿ. ನಿದ್ದೆಗಣ್ಣಲ್ಲಿ ನುಂಗಿಬಿಟ್ಟೆ. ಮತ್ತೆ ಬಂತು, ಮತ್ತೆ ನುಂಗಿದೆ. ಮೂರನೇ ಸಲ ಎದ್ದು ಕೂತು ಕೈಗೆ ಉಗಿದೆ. ಮೊಬೈಲ್ ಬೆಳಕಲ್ಲಿ ಅಂಗೈ ಕೆಂಪಗೆ ಹೊಳೆಯುತ್ತಿತ್ತು.

ಅವತ್ತು ಆಯುಧಪೂಜೆ. ನಾನು ಟಾನ್ಸಿಲ್ ತೆಗೆಸಿಕೊಂಡು ಏಳು ದಿನ ಆಗಿತ್ತು.

ಮೊದಲಿಂದ ಹೇಳುತ್ತೇನೆ. ನಾನು ಮಂಡ್ಯ ಹತ್ತಿರದ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು, ವಯಸ್ಸು 34. ನಾಲ್ಕೈದು ವರ್ಷದಿಂದ ಗಂಟಲು ನನ್ನ ಮಾತು ಕೇಳುತ್ತಿರಲಿಲ್ಲ. ಜ್ವರ, ಗಂಟಲಲ್ಲಿ ಕೀವು, ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ಮಾತ್ರೆ ತಗೊಂಡರೆ ಒಂದು ವಾರಕ್ಕೆ ಸರಿ, ಒಂದೂವರೆ ತಿಂಗಳಿಗೆ ಮತ್ತೆ ಶುರು. ಕೊನೆಗೆ ಮೈಸೂರಲ್ಲಿ ಒಬ್ಬರು ಇಎನ್‌ಟಿ, ಅಂದರೆ ಕಿವಿ ಮೂಗು ಗಂಟಲಿನ ಡಾಕ್ಟರ್ ಮೇಡಂ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, ಹೋದ ವರ್ಷ ಎಷ್ಟು ಸಲ ಬಂದಿತ್ತು ಅಂತ. ನಾನು ಡೈರಿ ತೆಗೆದು ತೋರಿಸಿದೆ, ತಾರೀಖಿನ ಸಮೇತ ಎಂಟು ಸಲ. ಮೇಡಂ ನಕ್ಕುಬಿಟ್ಟರು. ಒಂದೇ ವರ್ಷದಲ್ಲಿ 7 ಸಲ, ಇಲ್ಲಾ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ, ಇಲ್ಲಾ ಮೂರು ವರ್ಷ ವರ್ಷಕ್ಕೆ 3 ಸಲ ಗಂಟಲು ಕೆಟ್ಟರೆ ತೆಗೆಸುವ ಯೋಚನೆ ಮಾಡಬಹುದು ಅನ್ನೋದು ಡಾಕ್ಟರುಗಳ ಲೆಕ್ಕವಂತೆ. ನಾನು ಪಾಸಾಗಿದ್ದೆ.

ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು, ಬ್ಲಡ್ ಗ್ರೂಪ್. ಆದರೆ ಮೇಡಂ ಆ ರಿಪೋರ್ಟಿಗಿಂತ ಜಾಸ್ತಿ ಹೊತ್ತು ಕಳೆದದ್ದು ಪ್ರಶ್ನೆಗಳ ಮೇಲೆ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲೋಕೆ ತಡ ಆಗಿತ್ತಾ? ಆಗಾಗ ಮೂಗಲ್ಲಿ ರಕ್ತ ಬರುತ್ತಾ? ಮನೇಲಿ ಯಾರಿಗಾದರೂ ಸುಲಭಕ್ಕೆ ರಕ್ತ ನಿಲ್ಲದ ತೊಂದರೆ ಇದೆಯಾ? ತಲೆನೋವಿಗೆ ಏನು ನುಂಗುತ್ತೀರಿ?

ಕೊನೇ ಪ್ರಶ್ನೆಗೆ ಸಿಕ್ಕಿಬಿದ್ದೆ. ಪರೀಕ್ಷೆ ಪೇಪರ್ ತಿದ್ದುವ ದಿನಗಳಲ್ಲಿ ಡಿಸ್ಪ್ರಿನ್ ನನಗೆ ಕಾಫಿ ಇದ್ದ ಹಾಗೆ. ಅದರಲ್ಲಿರೋದು ಆಸ್ಪಿರಿನ್, ಅದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೈ ಕಟ್ಟಿಹಾಕುತ್ತೆ, ಇವತ್ತು ನುಂಗಿದ ಮಾತ್ರೆಯ ಪರಿಣಾಮ ಒಂದು ವಾರಕ್ಕೂ ಮೇಲೆ ಇರುತ್ತೆ ಅಂದರು. ಆಪರೇಷನ್‌ಗೆ ಹತ್ತು ದಿನ ಮುಂಚೆ ನಿಲ್ಲಿಸಿದೆ. ಆಮೇಲೂ ಎರಡು ವಾರ ಮುಟ್ಟಕೂಡದು ಅಂತ ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದರು.

ದಸರಾ ರಜೆ ನೋಡಿಕೊಂಡು ನವರಾತ್ರಿಯ ಎರಡನೇ ದಿನಕ್ಕೆ ಆಪರೇಷನ್ ಇಟ್ಟುಕೊಂಡೆ. ಆಪರೇಷನ್ ಬಗ್ಗೆ ಹೇಳೋಕೆ ಏನೂ ಇಲ್ಲ. ಮತ್ತು ಬರುವ ಇಂಜೆಕ್ಷನ್ ಕೊಟ್ಟರು, ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು, ಏಳಕ್ಕೆ ಬಂದಿದ್ದು ನೆನಪಿದೆ. ಎದ್ದಾಗ ಗಂಟಲಲ್ಲಿ ಮುಳ್ಳಿನ ಬೇಲಿ.

ಅವತ್ತು ಸಂಜೆ ಮೇಡಂ ಒಂದು ಹಾಳೆ ಮೇಲೆ ಪೆನ್ನಲ್ಲಿ ನನ್ನ ಗಂಟಲು ಬರೆದು ತೋರಿಸಿದರು. ನಡುವೆ ಕಿರುನಾಲಿಗೆ, ಎರಡೂ ಪಕ್ಕ ಎರಡು ಗುಳಿ. ಟಾನ್ಸಿಲ್ ಕಿತ್ತ ಜಾಗಕ್ಕೆ ಹೊಲಿಗೆ ಹಾಕೋದಿಲ್ಲ. ಹಾಗೇ ತೆರೆದ ಗಾಯವಾಗಿ ಬಿಡುತ್ತಾರೆ, ತಾನೇ ಮಾಯಬೇಕು. ಆ ಜಾಗಕ್ಕೆ ಒಂದಲ್ಲ ಎರಡಲ್ಲ, ಐದು ರಕ್ತನಾಳಗಳ ಕವಲು ಬಂದು ಸೇರುತ್ತವೆ. ಮೊಣಕಾಲಿಗೆ ಗಾಯ ಆದರೆ ಹಕ್ಕಳೆ ಕಟ್ಟುತ್ತಲ್ಲ, ಇಲ್ಲೂ ಕಟ್ಟುತ್ತೆ. ಆದರೆ ಬಾಯಿ ಸದಾ ಒದ್ದೆ ಇರೋದರಿಂದ ಅದು ಬೆಳ್ಳಗೆ, ನೆನೆದ ಕಾಗದದ ಥರ ಇರುತ್ತೆ. ಕೀವು ಅಂತ ಹೆದರಬೇಡಿ, ಬಾಯಿ ವಾಸನೆ ಬಂದರೂ ಹೆದರಬೇಡಿ ಅಂದರು.

"ಮತ್ತೆ ಯಾವುದಕ್ಕೆ ಹೆದರಬೇಕು ಮೇಡಂ?" ಅಂತ ಫೋನಲ್ಲಿ ಟೈಪ್ ಮಾಡಿ ತೋರಿಸಿದೆ. ಮಾತಾಡೋಕೆ ಆಗುತ್ತಿರಲಿಲ್ಲ.

"ಮೊದಲ 24 ಗಂಟೆ ನಮ್ಮ ಕಣ್ಮುಂದೆ ಇರ್ತೀರಿ, ಅದು ನಮ್ಮ ಚಿಂತೆ. ನಿಮ್ಮ ಚಿಂತೆ ಐದರಿಂದ ಹತ್ತನೇ ದಿನ. ಆ ಬಿಳಿ ಪೊರೆ ಉದುರೋದು ಆವಾಗ. ಅದರ ಕೆಳಗಿನ ರಕ್ತನಾಳ ಇನ್ನೂ ಮಾಯದೆ ಇದ್ರೆ ರಕ್ತ ಬರುತ್ತೆ. ಕೆಂಪು ರಕ್ತ ಕಂಡ್ರೆ, ಒಂದು ಚಮಚ ಆದ್ರೂ ಸರಿ, ನಿಂತು ಹೋದ್ರೂ ಸರಿ, ಬರಬೇಕು. ಎರಡು ವಾರ ಮೈಸೂರಲ್ಲೇ ಇರಿ."

ಮಂಡ್ಯ ಇಲ್ಲೇ ಅಲ್ವಾ ಮೇಡಂ, 45 ಕಿಲೋಮೀಟರ್, ಹೈವೇಲಿ ಮುಕ್ಕಾಲು ಗಂಟೆ ಅಂತ ಟೈಪ್ ಮಾಡಿದೆ. ಅವರು ಓದಿ ಫೋನ್ ವಾಪಸ್ ಕೊಟ್ಟರು. "ಬಾಯಿ ತುಂಬ ರಕ್ತ ಇರುವಾಗ ಮುಕ್ಕಾಲು ಗಂಟೆ ಎಷ್ಟು ಉದ್ದ ಅಂತ ನಿಮಗೆ ಗೊತ್ತಿಲ್ಲ ಮೇಷ್ಟ್ರೆ" ಅಂದರು.

ಕುವೆಂಪುನಗರದಲ್ಲಿ ಅಕ್ಕನ ಮನೆ. ಅಲ್ಲೇ ಉಳಿದೆ. ಊರಿಗೆ ಊರೇ ದೀಪಾಲಂಕಾರ ನೋಡೋಕೆ, ಆಹಾರ ಮೇಳಕ್ಕೆ ಹೋಗಿದ್ದರೆ ನಾನು ಹಾಲ್‌ನಲ್ಲಿ ಕೂತು ತಣ್ಣಗಿನ ರಾಗಿ ಅಂಬಲಿ ಕುಡಿಯುತ್ತಿದ್ದೆ. ಮೊದಲ ಎರಡು ದಿನ ಪರವಾಗಿಲ್ಲ ಅನ್ನಿಸಿತ್ತು. ನಾಲ್ಕನೇ ದಿನದಿಂದ ನೋವು ಕಮ್ಮಿ ಆಗೋ ಬದಲು ಏರಿತು, ಅದೂ ಕಿವಿಗೆ. ಗಂಟಲಿಗೂ ಕಿವಿಗೂ ಒಂದೇ ನರದ ಸಂಬಂಧ ಇರೋದರಿಂದ ಹಾಗೆ. ಅಕ್ಕ ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಕಿವಿಗೆ ಬಿಡೋಕೆ ಬಂದಳು, ಕೈಮುಗಿದು ಕಳಿಸಿದೆ.

ಇಲ್ಲಿ ನನ್ನದೊಂದು ತಪ್ಪು ಹೇಳಲೇಬೇಕು. ನೋವಿನ ಮಾತ್ರೆಯನ್ನು ಗಡಿಯಾರ ನೋಡಿಕೊಂಡು ಆರು ಗಂಟೆಗೊಮ್ಮೆ ತಗೊಳ್ಳಿ, ನೋವು ಬರಲಿ ಅಂತ ಕಾಯಬೇಡಿ ಅಂದಿದ್ದರು. ನಾನೋ, ಸುಮ್ನೆ ಯಾಕೆ ಅಷ್ಟು ಮಾತ್ರೆ ಅಂತ ರಾತ್ರಿಯದ್ದು ಬಿಡುತ್ತಿದ್ದೆ. ಬೆಳಗ್ಗೆ ಎದ್ದರೆ ಗಂಟಲು ಒಣಗಿ ಮರಳು ಕಾಗದ. ನೋವಿಗೆ ನೀರು ಕುಡಿಯುತ್ತಿರಲಿಲ್ಲ, ನೀರು ಕುಡಿಯದೆ ಇನ್ನಷ್ಟು ಒಣಗುತ್ತಿತ್ತು, ಒಣಗಿದ್ದಕ್ಕೆ ಇನ್ನಷ್ಟು ನೋವು. ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ನೀರು ಕುಡಿಯಬೇಕು, ಆ ಪೊರೆ ಒದ್ದೆಯಾಗಿಯೇ ಇರಬೇಕು, ಅದು ಒಣಗಿ ಬಿರಿಯಬಾರದು. ಇಷ್ಟೇ ಗುಟ್ಟು. ಅವ್ವ ಫೋನ್ ಮಾಡಿ ಮೆಣಸಿನ ಕಷಾಯ ಬಿಸಿಬಿಸಿ ಕುಡಿ ಅಂತ ಹೇಳಿದ್ದನ್ನು ಮಾತ್ರ ಕೇಳಲಿಲ್ಲ, ಅದೊಂದು ಪುಣ್ಯ.

ಆಯುಧಪೂಜೆ ಬಂತು. ಬೈಕಿಗೆ ಪೂಜೆ ಮಾಡಬೇಕು, ಮನೇಲಿ ಗಂಡಸು ಇಲ್ಲದೆ ಹೇಗೆ ಅಂತ ಅವ್ವ. ನನಗೂ ಅಂಬಲಿ ಸಾಕಾಗಿತ್ತು. ಆರು ದಿನ ಆಯಿತಲ್ಲ, ಇನ್ನೇನು ಅಂತ ಭಾವನ ಕಾರಲ್ಲಿ ಮಂಡ್ಯಕ್ಕೆ ಬಂದುಬಿಟ್ಟೆ. ಲೆಕ್ಕದ ಮೇಷ್ಟ್ರು ಐದರಿಂದ ಹತ್ತರ ನಡುವೆ ಆರು, ಏಳು ಬರುತ್ತೆ ಅನ್ನೋದನ್ನ ಮರೆತರು.

ಸಂಜೆ ಪೂಜೆ. ರೇಷನ್ ಅಕ್ಕಿ ಮೂಟೆ ಬಾಗಿಲಿಗೆ ಅಡ್ಡ ಇತ್ತು, ಎತ್ತಿ ಒಳಗಿಟ್ಟೆ. ಬೂದುಗುಂಬಳ ಒಡೆದೆವು. ಪ್ರಸಾದ ಅಂತ ಕಡ್ಲೆಪುರಿ ಕೈಗೆ ಹಾಕಿದರು. ಒಂದೇ ಹಿಡಿ. ಬಾಯಲ್ಲಿ ನೆನೆಸಿ ನೆನೆಸಿಯೇ ತಿಂದೆ, ಆದರೂ ಒಂದು ಹುರಿಗಡಲೆ ಬಲಗಡೆ ಗಂಟಲಲ್ಲಿ ಚುಚ್ಚಿಕೊಂಡು ಇಳಿದದ್ದು ಗೊತ್ತಾಯಿತು.

ರಾತ್ರಿ ಎರಡಕ್ಕೆ ರಕ್ತ ಕಂಡಾಗ ಮೊದಲು ಮಾಡಿದ್ದು ಹೆಂಡತಿಯನ್ನು ಎಬ್ಬಿಸಿದ್ದು. ಅವಳು ಗಾಬರಿಯಾಗಲಿಲ್ಲ, ಡಿಸ್ಚಾರ್ಜ್ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿಟ್ಟಿದ್ದವಳು ಅವಳೇ. ಮಲಗಬೇಡಿ, ಮುಂದಕ್ಕೆ ಬಗ್ಗಿ ಕೂತ್ಕೊಳ್ಳಿ, ನುಂಗಬೇಡಿ, ಉಗೀರಿ ಅಂತ ಓದುತ್ತಾ ಸ್ಟೀಲ್ ಬೇಸಿನ್ ಕೈಗಿಟ್ಟಳು. ಐಸ್ ನೀರಲ್ಲಿ ಮೆಲ್ಲಗೆ ಬಾಯಿ ಮುಕ್ಕಳಿಸಿದೆ. ಐಸ್ ತುಂಡು ಟವಲಲ್ಲಿ ಸುತ್ತಿ ಕುತ್ತಿಗೆಗೆ ಒತ್ತಿಕೊಂಡೆ. ಹತ್ತು ನಿಮಿಷಕ್ಕೆ ಉಗುಳು ಗುಲಾಬಿ ಬಣ್ಣಕ್ಕೆ ಬಂತು, ಆಮೇಲೆ ಬರೀ ನೀರು. ಬೇಸಿನ್‌ನಲ್ಲಿ ಇದ್ದದ್ದು ಎರಡು ಮೂರು ಚಮಚ ಇರಬಹುದು.

"ನಿಂತಿದೆಯಲ್ಲ, ಬೆಳಗ್ಗೆ ನೋಡೋಣ" ಅಂತ ಸನ್ನೆ ಮಾಡಿದೆ. ಅವಳು ಚೀಟಿಯ ಮೇಲೆ ಬೆರಳಿಟ್ಟಳು. ನಿಂತು ಹೋದರೂ ಸರಿ, ಬರಬೇಕು.

ಪಕ್ಕದ ಮನೆ ಅಣ್ಣನ ಓಮ್ನಿಯಲ್ಲಿ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಗೇಟಿನ ಮುಂದೆ ಒಡೆದ ಬೂದುಗುಂಬಳ, ಅದರ ಮೇಲೆ ಕುಂಕುಮ, ದೀಪದ ಬೆಳಕಿಗೆ ಒದ್ದೆ ಒದ್ದೆ. ಅದನ್ನು ನೋಡಿ ನನಗೆ ಹೊಟ್ಟೆ ತೊಳಸಿತು. ಒಳಗೆ ಡ್ಯೂಟಿಯಲ್ಲಿದ್ದವರು ಟಾರ್ಚ್ ಹಾಕಿ, ಆ ಅನ್ನಿಸಿ ನೋಡಿದರು. ಬಲಗಡೆ ಗುಳಿಯಲ್ಲಿ ಕಪ್ಪಗೆ ಒಂದು ಹೆಪ್ಪು ಕೂತಿದೆ ಅಂದರು. "ಏನಿಲ್ಲ, ನಿಂತಿದೆ. ಹಬ್ಬದ ದಿನ, ಇಎನ್‌ಟಿಯವರು ಸಿಗಲ್ಲ. ಬೆಳಗ್ಗೆ ಆಪರೇಷನ್ ಮಾಡಿದವರಿಗೇ ತೋರಿಸಿ."

ಆ ಮಾತು ಕೇಳೋಕೆ ಎಷ್ಟು ಹಿತವಾಗಿತ್ತು ಅಂದರೆ, ನಾವು ಮೂರೂ ಜನ ನಂಬಿ ಮನೆಗೆ ವಾಪಸ್ ಬಂದುಬಿಟ್ಟೆವು. ಆ ಹೆಪ್ಪೇ ಅಪಾಯದ ಗುರುತು ಅಂತ ಆಮೇಲೆ ಗೊತ್ತಾಯಿತು. ಮೊದಲು ಬರುವ ಸಣ್ಣ ರಕ್ತ ಎಷ್ಟೋ ಸಲ ಹಿಂದೆ ಬರುವ ದೊಡ್ಡದರ ಮುನ್ಸೂಚನೆ. ಅದಕ್ಕೇ ನಿಂತಿದ್ದರೂ ಒಂದು ದಿನ ಅಡ್ಮಿಟ್ ಮಾಡಿಕೊಂಡು ನೋಡೋದು ರೂಢಿ. ಅವತ್ತು ಡ್ಯೂಟಿಯಲ್ಲಿದ್ದವರ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಇಲ್ಲಿ ಇಎನ್‌ಟಿ ಇಲ್ಲ, ಇರುವ ಕಡೆಗೆ ಈಗಲೇ ಹೋಗಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಷ್ಟೇ.

ಐದೂಕಾಲಕ್ಕೆ ಎರಡನೇ ಸಲ ಬಂತು. ಈ ಸಲ ರುಚಿ ನೋಡೋಕೆ ಪುರುಸೊತ್ತಿರಲಿಲ್ಲ. ಕೆಮ್ಮಿದೆ, ನೇರಳೆ ಹಣ್ಣಿನಷ್ಟು ದಪ್ಪದ ಹೆಪ್ಪು ಬೇಸಿನ್‌ಗೆ ಬಿತ್ತು. ಅದರ ಹಿಂದೆಯೇ ಬಿಸಿ ರಕ್ತ. ಉಗಿಯುವಷ್ಟರಲ್ಲಿ ಮತ್ತೆ ಬಾಯಿ ತುಂಬುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು, "ನುಂಗ್‌ಬ್ಯಾಡ ಕಣ್ಲಾ ಮಗ, ಉಗಿ, ಉಗಿ" ಅಂತ ಒಂದೇ ಸಮ ಹೇಳುತ್ತಿದ್ದಳು.

ಹೆಂಡತಿ ಮೈಸೂರಿನ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದಳು. ಎರಡನೇ ರಿಂಗಿಗೆ ಎತ್ತಿದರು. ಮೇಡಂಗೇ ಲೈನ್ ಕೊಟ್ಟರು. ಇಲ್ಲಿಗೆ ಬರಬೇಡಿ, ಅಷ್ಟು ದೂರ ಬೇಡ, ಮಂಡ್ಯದಲ್ಲೇ ಇಎನ್‌ಟಿ ಡಾಕ್ಟರು, ಓಟಿ (ಆಪರೇಷನ್ ಥಿಯೇಟರ್), ರಕ್ತ ಮೂರೂ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ, ಏನೂ ತಿನ್ನಿಸಬೇಡಿ, ಕುಡಿಸಬೇಡಿ ಅಂದರು. ಮತ್ತೆ ಓಮ್ನಿ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು, ಮುಂಭಾಗಕ್ಕೆಲ್ಲ ಚೆಂಡುಹೂವಿನ ಹಾರ, ಬಾಳೆಕಂದು. ಪಕ್ಕದ ಮನೆ ಅಣ್ಣ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ನಾನು ಮಡಿಲಲ್ಲಿ ಬೇಸಿನ್ ಇಟ್ಟುಕೊಂಡು ಬಗ್ಗಿ ಕೂತಿದ್ದೆ. ಹತ್ತು ನಿಮಿಷದ ದಾರಿ. ಮೇಡಂ ಹೇಳಿದ ಮುಕ್ಕಾಲು ಗಂಟೆಯ ಉದ್ದ ಆವಾಗ ತಿಳಿಯಿತು.

ಕ್ಯಾಶುಯಲ್ಟಿಯಲ್ಲಿ ಯಾರೂ ನನ್ನನ್ನು ಮಲಗಿಸಲಿಲ್ಲ. ಕೂರಿಸಿಯೇ ಎರಡೂ ಕೈಗೆ ಸೂಜಿ ಹಾಕಿ ಡ್ರಿಪ್ ಶುರು ಮಾಡಿದರು. ರಕ್ತ ಎಳೆದು ಹಿಮೋಗ್ಲೋಬಿನ್‌ಗೆ, ಹೊಂದುವ ರಕ್ತ ತೆಗೆದಿಡೋಕೆ ಅಂತ ಕಳಿಸಿದರು. ರಕ್ತ ನಿಲ್ಲಿಸುವ ಇಂಜೆಕ್ಷನ್, ಟ್ರಾನೆಕ್ಸಮಿಕ್ ಆಸಿಡ್ ಅಂತ ಅದರ ಹೆಸರು, ಡ್ರಿಪ್‌ನಲ್ಲಿ ಕೊಟ್ಟರು. ಹಣೆಗೆ ಲೈಟ್ ಕಟ್ಟಿಕೊಂಡು ಒಬ್ಬ ಹುಡುಗ ಡಾಕ್ಟರ್ ಬಂದ. ನನ್ನ ಹಳೇ ವಿದ್ಯಾರ್ಥಿಯಷ್ಟು ವಯಸ್ಸು. ಸಕ್ಷನ್ ಪೈಪಿನಿಂದ ಹೆಪ್ಪನ್ನೆಲ್ಲ ಎಳೆದು ತೆಗೆದ. ಹೆಪ್ಪು ಕೂತಿದ್ದರೆ ರಕ್ತನಾಳ ಮುದುಡಿಕೊಳ್ಳೋಕೆ ಆಗಲ್ಲ ಸರ್, ತೆಗೆಯಲೇಬೇಕು ಅಂದ. ಅಡ್ರಿನಲಿನ್ ನೀರಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಉದ್ದ ಇಕ್ಕಳದ ತುದಿಗೆ ಸುತ್ತಿ ಬಲಗಡೆ ಗುಳಿಗೆ ಒತ್ತಿ ಹಿಡಿದ. ವಾಂತಿ ಒತ್ತರಿಸಿ ಬರುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನ ತೋಳು ಹಿಡಿದುಕೊಂಡಿದ್ದೆ. ಐದು ನಿಮಿಷ ಒತ್ತುತ್ತಾನೆ, ಬಿಡುತ್ತಾನೆ, ಮತ್ತೆ ಜಿನುಗುತ್ತದೆ.

ಅಷ್ಟರಲ್ಲಿ ಅವರ ಹಿರಿಯ ಡಾಕ್ಟರ್ ಬಂದು ಒಂದು ಸಲ ಬಗ್ಗಿ ನೋಡಿದರು. "ಓಟಿಗೆ ತಗೊಳ್ಳಿ" ಅಂದರು.

ಎರಡನೇ ಸಲ ಮತ್ತಿನ ಇಂಜೆಕ್ಷನ್ ಕೊಡೋದು ಮೊದಲನೇದಷ್ಟು ಸಲೀಸಲ್ಲ. ನುಂಗಿದ ರಕ್ತವೆಲ್ಲ ಹೊಟ್ಟೆಯಲ್ಲಿರುತ್ತೆ, ಮತ್ತು ಬರುವಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಅನಸ್ತೇಶಿಯಾ ಡಾಕ್ಟರ್ ಎಷ್ಟು ನುಂಗಿದಿರಿ, ಕೊನೇ ಊಟ ಯಾವಾಗ ಅಂತ ಎರಡೆರಡು ಸಲ ಕೇಳಿದರು. ಎಂಟು ಗಂಟೆಗೆ ಕಡ್ಲೆಪುರಿ ಅಂತ ಹೆಂಡತಿ ಹೇಳಿದಾಗ ಅಲ್ಲಿದ್ದ ಸಿಸ್ಟರ್ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಒಂದು ರಕ್ತನಾಳವನ್ನು ದಾರದಿಂದ ಕಟ್ಟಿ, ಸುತ್ತ ಜಿನುಗುತ್ತಿದ್ದ ಕಡೆ ಕರೆಂಟಿನಿಂದ ಸುಟ್ಟರಂತೆ. ಆಪರೇಷನ್‌ಗೆ ಮುಂಚೆ 14.2 ಇದ್ದ ಹಿಮೋಗ್ಲೋಬಿನ್ 11.6ಕ್ಕೆ ಇಳಿದಿತ್ತು. ಒಂದು ಬಾಟಲ್ ರಕ್ತ ತಂದಿಟ್ಟಿದ್ದರು, ಹಾಕುವ ಪ್ರಮೇಯ ಬರಲಿಲ್ಲ.

ವಾರ್ಡಲ್ಲಿ ಪಕ್ಕದ ಬೆಡ್ಡಿಗೆ ಆರು ವರ್ಷದ ಹುಡುಗಿ, ಅವಳದೂ ಟಾನ್ಸಿಲ್. ಅವಳ ತಾಯಿ ಹೇಳಿದ್ದು ನನ್ನ ಕಥೆಗಿಂತ ಮುಖ್ಯ. ಮಗು ರಕ್ತ ಉಗಿದೇ ಇರಲಿಲ್ಲ. ನಿದ್ದೆಯಲ್ಲಿ ಮೇಲಿಂದ ಮೇಲೆ ಗುಟುಕರಿಸುತ್ತಿತ್ತಂತೆ. ಬಾಯಿ ಖಾಲಿ ಇದ್ದರೂ ಗಂಟಲು ಮೇಲೆ ಕೆಳಗೆ ಆಡುತ್ತಿರೋದು ನೋಡಿ ತಾಯಿಗೆ ಅನುಮಾನ ಬಂತು. ಟಾರ್ಚ್ ಹಾಕಿ ನೋಡಿದರೆ ನಾಲಿಗೆ ಹಿಂದೆ ಕೆಂಪು. ಆಸ್ಪತ್ರೆಗೆ ಬರುವ ದಾರಿಯಲ್ಲಿ ಕಾಫಿ ಗಸಿಯ ಥರ ವಾಂತಿ ಆಯಿತಂತೆ, ಅಷ್ಟು ಹೊತ್ತು ನುಂಗಿದ್ದ ರಕ್ತ ಅದು. ಟಾನ್ಸಿಲ್ ತೆಗೆಸಿಕೊಂಡ ಮಕ್ಕಳ ಮನೆಯವರು ಆ ಐದಾರು ರಾತ್ರಿ ಮಗುವಿನ ಪಕ್ಕದಲ್ಲೇ ಮಲಗಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳೋಕೆ ಆಪರೇಷನ್ ಆದದ್ದು ನನ್ನ ಮಗುವಿಗೇನೂ ಅಲ್ಲ, ಸರಿ.

ಮಧ್ಯಾಹ್ನ ವಾರ್ಡಿನ ಟಿವಿಯಲ್ಲಿ ಜಂಬೂಸವಾರಿ. ಅಂಬಾರಿ ಆನೆ ಅರಮನೆ ಬಿಟ್ಟು ಹೊರಡುವಾಗ ಆ ಹುಡುಗಿ ಬೆಡ್ ಮೇಲೆ ಎದ್ದು ಕೂತಳು, ಡ್ರಿಪ್ ಸ್ಟ್ಯಾಂಡ್ ಅಲ್ಲಾಡಿತು. ನನ್ನ ಕಡೆಯವರು ನೋಡೋಕೆ ಬರತೊಡಗಿದರು. ಒಬ್ಬೊಬ್ಬರದು ಒಂದೊಂದು ತೀರ್ಪು. ಅವ್ವನ ಪ್ರಕಾರ ಮೈಸೂರಲ್ಲಿ ತಿಂದ ಐಸ್‌ಕ್ರೀಮೇ ಕಾರಣ. ಅತ್ತೆ ದೃಷ್ಟಿ ಅಂದರು. ಹೆಂಡತಿ ಅಕ್ಕಿ ಮೂಟೆ ಅಂದಳು, ಎರಡು ವಾರ ಭಾರ ಎತ್ತಬಾರದು, ಮುಕ್ಕಿ ತಿಣುಕಬಾರದು ಅಂತ ಚೀಟಿಯಲ್ಲಿ ಇದ್ದದ್ದು ನಿಜವೇ. ನನಗೆ ಹುರಿಗಡಲೆ ಮೇಲೆ ಗುಮಾನಿ. ಹಿರಿಯ ಡಾಕ್ಟರನ್ನು ಕೇಳಿದೆ. "ಎಲ್ಲಾ ಸರಿಯಾಗಿ ಪಾಲಿಸಿದವರಿಗೂ ಬರುತ್ತೆ ಮೇಷ್ಟ್ರೆ. ದೊಡ್ಡವರಿಗೆ ಮಕ್ಕಳಿಗಿಂತ ಜಾಸ್ತಿ" ಅಂದರು. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ 2003-04ರಲ್ಲಿ ಸುಮಾರು 34,000 ಜನರ ಟಾನ್ಸಿಲ್ ಆಪರೇಷನ್ ಲೆಕ್ಕ ಹಾಕಿ ನೋಡಿದ್ದರಂತೆ. ನೂರಕ್ಕೆ ಮೂರೂವರೆ ಜನಕ್ಕೆ ರಕ್ತ ಬಂದಿತ್ತು, ಮತ್ತೆ ಓಟಿಗೆ ಹೋಗಬೇಕಾದವರು ನೂರಕ್ಕೆ ಒಬ್ಬರಿಗಿಂತ ಕಮ್ಮಿ. ಆ ಒಬ್ಬರಿಗಿಂತ ಕಮ್ಮಿ ನಾನೇ ಅಂದುಕೊಂಡು ಮಲಗಿದೆ.

ಎರಡನೇ ವಾರ ನಾನು ಪೂರ್ತಿ ಶಿಸ್ತಿನ ಹುಡುಗ. ಶಾಲೆಗೆ ರಜೆ ಚೀಟಿ ಹೋಯಿತು. ಮನೆಯಲ್ಲಿ ಎಲ್ಲರಿಗೂ ಮೂರು ಲೋಟ ನೀರಿನ ಲೆಕ್ಕವಾದರೆ ನನಗೆ ಮೂರು ಬಾಟಲ್ ಲೆಕ್ಕ. ಮಾತ್ರೆಗೆ ಫೋನಲ್ಲಿ ಅಲಾರಂ, ರಾತ್ರಿ ಎರಡಕ್ಕೂ. ದಿಂಬು ಎರಡು. ಮುದ್ದೆ ಪೂರ್ತಿ ಆರಿದ ಮೇಲೆ ಮೆತ್ತಗೆ ಮಾಡಿ ಮಜ್ಜಿಗೆಯಲ್ಲಿ ಕಲಸಿಕೊಂಡು ತಿನ್ನುತ್ತಿದ್ದೆ, ಮಂಡ್ಯದವನಿಗೆ ಅದು ಅವಮಾನವೇ, ಆದರೂ ತಿಂದೆ. ದಿನಾ ಬೆಳಗ್ಗೆ ಕನ್ನಡಿ ಮುಂದೆ ಟಾರ್ಚ್ ಹಾಕಿಕೊಂಡು ನೋಡುತ್ತಿದ್ದೆ. ಬಿಳಿ ಪೊರೆ ಅಂಚಿನಿಂದ ಸವೆಯುತ್ತಾ ಬಂತು. ಹದಿಮೂರನೇ ದಿನ ಎಡಗಡೆ ಪೂರ್ತಿ ಗುಲಾಬಿ. ಸುಟ್ಟ ಬಲಗಡೆ ಇನ್ನೂ ನಾಲ್ಕು ದಿನ ತಗೊಂಡಿತು.

ಮೈಸೂರಿಗೆ ಕೊನೆಯ ಸಲ ತೋರಿಸೋಕೆ ಹೋದಾಗ ಮೇಡಂ ಬಾಯಿ ಒಳಗೆ ನೋಡಿ, ಮುಗೀತು, ಇನ್ನು ಏನು ಬೇಕಾದ್ರೂ ತಿನ್ನಿ ಅಂದರು. ಮುಕ್ಕಾಲು ಗಂಟೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಾಪಸ್ ಬರುವಾಗ ಬಸ್ ಸ್ಟ್ಯಾಂಡ್ ಎದುರು ಮಸಾಲೆ ದೋಸೆ ತಿಂದೆ, ಕೆಂಪು ಚಟ್ನಿ ಎರಡು ಸಲ ಹಾಕಿಸಿಕೊಂಡೆ. ಬಸ್ಸಲ್ಲಿ ಆಕಳಿಸಿದಾಗ ಮಾತ್ರ ಬಲಗಿವಿಯ ಹತ್ತಿರ ಚುಳ್ ಅಂತ ಒಂದು ಎಳೆತ. ಅದು ಹೋಗೋಕೆ ಇನ್ನೂ ಒಂದು ವಾರ ಹಿಡಿಯಿತು.